ಮೂರು ವರ್ಷದ ಕುದುರೆಯ ‘ಫ್ಯೂಚುರಿಟಿ’ ಪಂದ್ಯಕ್ಕೆ ಈಗಿನಿಂದಲೇ ಹಣ ಕಟ್ಟುವುದು ಸರಿಯೇ?

ಪ್ರಶ್ನೆ: ತೋಟದಮನೆ ಮೇಷ್ಟ್ರು, ತೀರ್ಥಹಳ್ಳಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದವನು, ಈಗ ಊರಿನಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದೇನೆ. ದನಕರುಗಳ ಒಡನಾಟ ಹುಟ್ಟಿದಾಗಿನಿಂದ ಇದೆ. ಕುದುರೆಯನ್ನು ಮಾತ್ರ ಸುಗ್ಗಿ ಮುಗಿದ ಮೇಲೆ ಬಯಲುಸೀಮೆಯಿಂದ ಬರುವ ಕುರಿಗಾರರ ತಟ್ಟುಗಳಲ್ಲಿ ನೋಡಿದ್ದೇ ಹೆಚ್ಚು. ಆದರೂ ಈ ಮಳೆಗಾಲದಲ್ಲಿ ಕುದುರೆಯ ವಿಷಯವೊಂದು ನಮ್ಮ ಜಗಲಿಯಲ್ಲಿ ಬಂದು ಕುಳಿತಿದೆ, ಏಳುವ ಲಕ್ಷಣ ಕಾಣುತ್ತಿಲ್ಲ.

ನನ್ನ ಅಕ್ಕನ ಮಗ ಅಮೆರಿಕದ ಟೆಕ್ಸಾಸಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅವನು ಮೂವರು ಸ್ನೇಹಿತರೊಂದಿಗೆ ಸೇರಿ ಕ್ವಾರ್ಟರ್ ಹಾರ್ಸ್ ತಳಿಯ ಒಂದು ಗಂಡು ಮರಿಯಲ್ಲಿ ನಾಲ್ಕನೇ ಒಂದು ಪಾಲು ಕೊಂಡಿದ್ದಾನೆ. ಮರಿ ಹುಟ್ಟಿದ್ದು ಕಳೆದ ವರ್ಷದ ಮೇ ತಿಂಗಳ ಕೊನೆಯಲ್ಲಿ. ಅದನ್ನು ಹಿಂಡಿನಿಂದ ದನ ಬೇರ್ಪಡಿಸುವ ‘ಕಟಿಂಗ್’ ಎಂಬ ಸ್ಪರ್ಧೆಗೆ ಪಳಗಿಸುತ್ತಾರಂತೆ, ಮೂರು ವರ್ಷದ ಕುದುರೆಗಳಿಗೆಂದೇ ನಡೆಯುವ ‘ಫ್ಯೂಚುರಿಟಿ’ಯಲ್ಲಿ ಇಳಿಸುತ್ತಾರಂತೆ. ಅದಕ್ಕಾಗಿ ನೋಂದಣಿಯ ಹಣ, ನಂತರದ ಕಂತುಗಳು, ತರಬೇತುದಾರನ ತಿಂಗಳ ಶುಲ್ಕ ಎಲ್ಲ ಸೇರಿ ದೊಡ್ಡ ಮೊತ್ತವಾಗುತ್ತದೆಂದು ಭಾವನವರನ್ನು ಸಹಾಯ ಕೇಳಿದ್ದಾನೆ. ಭಾವನವರು ಎರಡು ವರ್ಷದ ಅಡಿಕೆಯ ಹಣವನ್ನು ತೆಗೆದಿಟ್ಟಿದ್ದಾರೆ. ಅಕ್ಕನಿಗೆ ಇದು ಜೂಜೋ ವ್ಯಾಪಾರವೋ ತಿಳಿಯದೆ ರಾತ್ರಿ ನಿದ್ದೆ ಇಲ್ಲ. ‘ಲೆಕ್ಕದ ಮೇಷ್ಟ್ರಲ್ಲವೇ, ನೀನೇ ಹೇಳು’ ಎಂದು ನನ್ನ ತಲೆಗೆ ಕಟ್ಟಿದ್ದಾರೆ.

ಅಳಿಯ ವಿವರಿಸಿದ್ದರಲ್ಲಿ ಎರಡು ಮಾತು ನನ್ನನ್ನು ಕಾಡುತ್ತಿವೆ. ಮೊದಲನೆಯದು, ‘ನಡುವೆ ಒಂದು ಕಂತು ತಪ್ಪಿದರೂ ಹಿಂದೆ ಕಟ್ಟಿದ್ದೆಲ್ಲ ಹೋಗುತ್ತದೆ ಮಾವ’ ಎಂದದ್ದು. ನಮ್ಮ ಕಡೆಯ ಚೀಟಿ ವ್ಯವಹಾರದಲ್ಲಿ ಕೂಡ ಇಷ್ಟು ಕಟ್ಟುನಿಟ್ಟು ಇರುವುದಿಲ್ಲ. ಎರಡನೆಯದು, ಬರುವ ಜನವರಿಯಲ್ಲಿ ಅದರ ಬೆನ್ನಿಗೆ ಜೀನು ಹಾಕುತ್ತಾರೆ ಎಂದದ್ದು. ಅಂದರೆ ಮರಿಗೆ ಆಗ ಇನ್ನೂ ಇಪ್ಪತ್ತು ತಿಂಗಳೂ ತುಂಬಿರುವುದಿಲ್ಲ.

ನನ್ನ ತಂದೆಯವರು ಹೋರಿಗೆ ನಾಲ್ಕು ಹಲ್ಲು ಬೀಳದೆ ನೊಗ ಇಡುತ್ತಿರಲಿಲ್ಲ. ಕೆಳದವಡೆಯನ್ನು ಹೆಬ್ಬೆರಳಿನಿಂದ ಒತ್ತಿ ಹಲ್ಲು ನೋಡಿ, ‘ಇನ್ನೂ ಒಂದು ಮಳೆಗಾಲ ಮೇಯಲಿ’ ಎಂದು ಬೆನ್ನು ತಟ್ಟಿ ಬಿಟ್ಟುಬಿಡುತ್ತಿದ್ದರು. ಪಕ್ಕದ ಮನೆಯವರು ಎರಡು ಹಲ್ಲಿನ ಹೋರಿಯೊಂದನ್ನು ಗಾಡಿಗೆ ಕಟ್ಟಿ ಘಟ್ಟದ ಏರಿನಲ್ಲಿ ಸೌದೆ ಹೇರಿದ್ದರು. ಅದು ಬಾಯಿಗೂಡುವ ಹೊತ್ತಿಗೆ ಮುಂಗಾಲಿನ ಮಂಡಿ ಬಾಗಿ, ಇಳಿಜಾರಿನಲ್ಲಿ ನಿಲ್ಲಲಾರದೆ ನಡುಗುತ್ತಿದ್ದುದನ್ನು ನಾನು ಹುಡುಗನಾಗಿದ್ದಾಗ ಕಣ್ಣಾರೆ ಕಂಡಿದ್ದೇನೆ. ಆ ನೆನಪು ಇರುವುದರಿಂದ ಕೇಳುತ್ತಿದ್ದೇನೆ. ಈ ಫ್ಯೂಚುರಿಟಿ ಎಂದರೆ ನಿಜವಾಗಿ ಏನು, ಹಣ ಹೇಗೆ ತಿರುಗುತ್ತದೆ, ಮೂರು ವರ್ಷದ ಕುದುರೆಯ ಕಾಲು ಅದನ್ನು ತಾಳುತ್ತದೆಯೇ? ತಿಳಿದವರು ಸ್ವಲ್ಪ ವಿಸ್ತಾರವಾಗಿ ಬರೆದರೆ ಉಪಕಾರವಾಗುತ್ತದೆ. ಸೆಪ್ಟೆಂಬರ್ ಒಳಗೆ ಉತ್ತರ ಹೇಳಬೇಕಾಗಿದೆ.

ಉತ್ತರ 1: ವರದಾಮೂಲ, ಸಾಗರ

ಮೇಷ್ಟ್ರೇ, ನಾನು ಟೆಕ್ಸಾಸಿನ ವೆದರ್‌ಫರ್ಡ್ ಎಂಬ ಊರಿನ ಬಳಿ ಆರು ವರ್ಷ ಒಂದು ಕುದುರೆ ಲಾಯದಲ್ಲಿ ಲೆಕ್ಕಪತ್ರ ನೋಡಿಕೊಂಡಿದ್ದು, ಈಗ ಊರಿಗೆ ಮರಳಿದ್ದೇನೆ. ಕಟಿಂಗ್ ಕುದುರೆಗಳ ರಾಜಧಾನಿ ಎಂದೇ ಆ ಊರು ಹೆಸರಾಗಿದೆ. ಆದ್ದರಿಂದ ಹಣದ ಭಾಗವನ್ನು ನಾನು ಹೇಳಬಲ್ಲೆ, ಕಾಲಿನ ಭಾಗವನ್ನು ವೈದ್ಯರು ಹೇಳಲಿ.

ಫ್ಯೂಚುರಿಟಿ ಎಂದರೆ ಕುದುರೆಯ ಸಾಮರ್ಥ್ಯ ಗೊತ್ತಾಗುವ ಮೊದಲೇ ಹೆಸರು ಬರೆಸಿ, ಪಂದ್ಯದ ದಿನದವರೆಗೆ ಕಂತುಕಂತಾಗಿ ಹಣ ಕಟ್ಟುತ್ತಾ ಆ ಹೆಸರನ್ನು ಉಳಿಸಿಕೊಳ್ಳುವ ಸ್ಪರ್ಧೆ. ಕೆಲವು ಸಂಸ್ಥೆಗಳು ಮರಿ ತಾಯಿಯ ಹೊಟ್ಟೆಯಲ್ಲಿರುವಾಗಲೇ ನೋಂದಣಿ ಕೇಳುತ್ತವೆ, ಕೆಲವು ಹಾಲು ಬಿಡಿಸಿದ ಮೇಲೆ ಕೇಳುತ್ತವೆ, ಇನ್ನು ಕೆಲವು ಸ್ಪರ್ಧೆಯ ವರ್ಷದಲ್ಲಷ್ಟೇ ಕೇಳುತ್ತವೆ. ತಡವಾಗಿ ಸೇರುವವರಿಗೆ ದರ ಏರುತ್ತಾ ಹೋಗುತ್ತದೆ. ನಡುವೆ ಬಿಟ್ಟವರ ಹಣ ಸಾಮಾನ್ಯವಾಗಿ ಹಿಂದಿರುಗುವುದಿಲ್ಲ, ಬಹುಮಾನದ ಮೊತ್ತಕ್ಕೆ ಸೇರುತ್ತದೆ. ಕುಂಟಿದ ಕುದುರೆಯ, ಪಳಗದ ಕುದುರೆಯ, ಮಾಲೀಕನ ಕೈ ಖಾಲಿಯಾದ ಕುದುರೆಯ ಹಣವೆಲ್ಲ ಕೊನೆಯವರೆಗೆ ನಿಂತವರಿಗೆ ಸಿಗುತ್ತದೆ. ಬಹುಮಾನ ದೊಡ್ಡದಾಗುವ ಗುಟ್ಟು ಬಹುಮಟ್ಟಿಗೆ ಇದೇ. ನಿಮ್ಮ ಚೀಟಿಯ ಹೋಲಿಕೆ ಅರ್ಧ ಸರಿ. ಚೀಟಿಯಲ್ಲಿ ಪ್ರತಿಯೊಬ್ಬನಿಗೂ ಒಮ್ಮೆ ಸರದಿ ಬರುತ್ತದೆ, ಇಲ್ಲಿ ಹೆಚ್ಚಿನವರಿಗೆ ಬರುವುದೇ ಇಲ್ಲ.

ನಿಮ್ಮ ಅಳಿಯ ಹೇಳುತ್ತಿರುವುದು ನ್ಯಾಷನಲ್ ಕಟಿಂಗ್ ಹಾರ್ಸ್ ಅಸೋಸಿಯೇಷನ್ ನಡೆಸುವ ಫ್ಯೂಚುರಿಟಿ ಇರಬೇಕು. ಸಂಸ್ಥೆ ಹುಟ್ಟಿದ್ದು 1946ರಲ್ಲಿ. ಫ್ಯೂಚುರಿಟಿ ಮೊದಲು ನಡೆದದ್ದು 1962ರಲ್ಲಿ, ಟೆಕ್ಸಾಸಿನ ಸ್ವೀಟ್‌ವಾಟರ್ ಊರಿನಲ್ಲಿ. ಆ ವರ್ಷ ಗೆದ್ದ ಕುದುರೆ ಮನೀಸ್ ಗ್ಲೋ, ಸವಾರ ಬಸ್ಟರ್ ವೆಲ್ಚ್. ಈಗ ಫೋರ್ಟ್ ವರ್ತ್ ನಗರದ ವಿಲ್ ರಾಜರ್ಸ್ ಕ್ರೀಡಾಂಗಣದಲ್ಲಿ ವರ್ಷದ ಕೊನೆಗೆ ನಡೆಯುತ್ತದೆ. ಅಲ್ಲಿಗೆ ಬರುವ ಕುದುರೆ ಅದಕ್ಕೂ ಮೊದಲು ಯಾವುದೇ ಕಟಿಂಗ್ ಸ್ಪರ್ಧೆಯಲ್ಲಿ ಕಾಣಿಸಿಕೊಂಡಿರಬಾರದು ಎಂಬುದು ಅದರ ವಿಶೇಷ. ಎರಡು ವರ್ಷ ಯಾರ ಕಣ್ಣಿಗೂ ಬೀಳದೆ ಕಲಿತದ್ದನ್ನು ಸಾವಿರಾರು ಜನರ ಮುಂದೆ, ಬೆಳಕಿನ ಕೆಳಗೆ, ಮೊದಲ ಬಾರಿಗೆ ಎರಡೂವರೆ ನಿಮಿಷದಲ್ಲಿ ತೋರಿಸಬೇಕು.

ಆ ಎರಡೂವರೆ ನಿಮಿಷ ಹೇಗಿರುತ್ತದೆ ಎಂದು ಹೇಳದಿದ್ದರೆ ಅಳಿಯನ ಹುಚ್ಚು ನಿಮಗೆ ಅರ್ಥವಾಗಲಾರದು. ಸವಾರ ಕುದುರೆಯನ್ನು ನಿಧಾನವಾಗಿ ದನಗಳ ಹಿಂಡಿನೊಳಗೆ ನಡೆಸಿ ಒಂದು ಕರುವನ್ನು ಹೊರಕ್ಕೆ ತರುತ್ತಾನೆ. ಅದು ಬೇರೆಯಾದ ಕೂಡಲೇ ಲಗಾಮು ಹಿಡಿದ ಕೈಯನ್ನು ಕುದುರೆಯ ಕುತ್ತಿಗೆಗೆ ಇಳಿಸಿ ಸುಮ್ಮನಾಗುತ್ತಾನೆ, ಲಗಾಮು ಜೋತು ಬಿದ್ದಿರುತ್ತದೆ. ಮುಂದಿನದೆಲ್ಲ ಕುದುರೆಯದೇ. ಕರು ಹಿಂಡಿಗೆ ಮರಳಲು ಎಡಕ್ಕೆ ನುಗ್ಗಿದರೆ ಕುದುರೆ ಎಡಕ್ಕೆ, ಬಲಕ್ಕೆ ನುಗ್ಗಿದರೆ ಬಲಕ್ಕೆ. ಮುಂಗಾಲು ಚಾಚಿ, ಎದೆ ಮಣ್ಣಿಗೆ ತಾಗುವಷ್ಟು ತಗ್ಗಿ, ಕಿವಿ ಮುಂದಿಟ್ಟು, ಕಬಡ್ಡಿಯಲ್ಲಿ ಮೂಲೆಯ ಆಟಗಾರ ದಾಳಿಗೆ ಬಂದವನ ಕಾಲನ್ನೇ ನೋಡುತ್ತಾ ಕಾಯುವಂತೆ ಕಾಯುತ್ತದೆ. ಮೊದಲ ಸಲ ನೋಡಿದಾಗ ನನಗೆ ಅಜ್ಜಂಪುರದ ಕಡೆಯ ಅಮೃತ ಮಹಲ್ ಕಾವಲುಗಳು ನೆನಪಾದವು. ಅಲ್ಲಿ ಮನುಷ್ಯರು ಕೋಲು ಹಿಡಿದು, ಕೂಗು ಹಾಕಿ ಮಾಡುವುದನ್ನು ಇಲ್ಲಿ ಕುದುರೆ ಮಾತಿಲ್ಲದೆ ಮಾಡುತ್ತಿತ್ತು. ತೀರ್ಪುಗಾರರು 60ರಿಂದ 80ರ ನಡುವೆ ಅಂಕ ಕೊಡುತ್ತಾರೆ. ಕರು ತಪ್ಪಿಸಿಕೊಂಡು ಹಿಂಡು ಸೇರಿತೆಂದರೆ ಐದು ಅಂಕ ಹೋಗುತ್ತದೆ, ಎರಡು ವರ್ಷದ ಖರ್ಚೂ ಅದರ ಹಿಂದೆಯೇ ಹೋಗುತ್ತದೆ.

ಇನ್ನು ಅಕ್ಕನವರ ಪ್ರಶ್ನೆ. ಇದು ಬಾಜಿ ಕಟ್ಟುವ ಪಂದ್ಯವಲ್ಲ, ಆದ್ದರಿಂದ ಜೂಜು ಎನ್ನಲಾಗದು. ಹಾಗೆಂದು ವ್ಯಾಪಾರವೆಂದು ಒಪ್ಪಿಕೊಳ್ಳಲೂ ನನ್ನ ಮನಸ್ಸು ಹಿಂಜರಿಯುತ್ತದೆ. ಮನೆಯವರೆಲ್ಲ ಕಂತಿನ ಮೇಲೆ ಕಣ್ಣಿಟ್ಟಿದ್ದೀರಿ, ಆದರೆ ಕಂತು ಸಣ್ಣ ಖರ್ಚು. ನಾನಿದ್ದ ಲಾಯದಲ್ಲಿ ತರಬೇತಿಯ ಶುಲ್ಕವೇ ತಿಂಗಳಿಗೆ ಸಾವಿರ ಡಾಲರಿಗೂ ಮೇಲಿತ್ತು. ಲಾಳ, ಹಲ್ಲು ಉಜ್ಜಿಸುವುದು, ವೈದ್ಯರು, ಅಭ್ಯಾಸಕ್ಕೆ ಬೇಕಾದ ದನಗಳ ಬಾಡಿಗೆ ಎಲ್ಲ ಬೇರೆ. ಇಪ್ಪತ್ತನಾಲ್ಕು ತಿಂಗಳಿಗೆ ಗುಣಿಸಿ ನೋಡಿ, ಗಣಿತದ ಮೇಷ್ಟ್ರಿಗೆ ನಾನು ಹೇಳಬೇಕಾಗಿಲ್ಲ.

ಹಾಗಾದರೆ ಜನ ಏಕೆ ಕಟ್ಟುತ್ತಾರೆ? ಬಹುಮಾನಕ್ಕಿಂತ ಅದರ ನಂತರದ ಬೆಲೆಗಾಗಿ. ಸ್ಮಾರ್ಟ್ ಲಿಟಲ್ ಲೀನಾ ಎಂಬ ಗಂಡು ಕುದುರೆ 1982ರಲ್ಲಿ ಈ ಫ್ಯೂಚುರಿಟಿ ಗೆದ್ದು, ಮರುವರ್ಷ ನಾಲ್ಕು ವರ್ಷದವುಗಳ ಸ್ಪರ್ಧೆಗಳಾದ ಸೂಪರ್ ಸ್ಟೇಕ್ಸ್ ಮತ್ತು ಡರ್ಬಿಗಳನ್ನೂ ಗೆದ್ದು, ಮೂರನ್ನೂ ಗೆದ್ದ ಮೊದಲ ಕುದುರೆಯಾಯಿತು. ಅದರಲ್ಲೂ ಹಲವರ ಪಾಲಿತ್ತು. ಗೆದ್ದದ್ದಕ್ಕಿಂತ ಹೆಚ್ಚು ಹಣ ಬಂದದ್ದು ಅದರ ಮರಿಗಳಿಂದ. ಕ್ವಾರ್ಟರ್ ಹಾರ್ಸ್ ತಳಿಯಲ್ಲಿ ಕೃತಕ ಗರ್ಭಧಾರಣೆಗೆ ಅವಕಾಶವಿರುವುದರಿಂದ ಒಂದು ಬೀಜದ ಕುದುರೆ ಒಂದೇ ವರ್ಷದಲ್ಲಿ ಬಹಳ ಮರಿಗಳಿಗೆ ತಂದೆಯಾಗಬಲ್ಲದು. ಅಳಿಯನನ್ನು ಒಂದು ಮಾತು ಕೇಳಿ: ಮರಿಯ ಬೀಜ ಒಡೆಸುತ್ತಾರೋ ಹಾಗೆಯೇ ಬಿಡುತ್ತಾರೋ? ಒಡೆಸಿದರೆ ಪಳಗಿಸುವುದು ಸುಲಭ, ಆದರೆ ಆ ಮೇಲೆ ಉಳಿಯುವುದು ಬಹುಮಾನದ ಹಣ ಮತ್ತು ಮಾರಾಟದ ಬೆಲೆ ಮಾತ್ರ. ಪಾಲುಪತ್ರದಲ್ಲಿ ಆ ತೀರ್ಮಾನ ಯಾರದು ಎಂದು ಬರೆದಿರಬೇಕು. ಒಬ್ಬ ಪಾಲುದಾರ ಹಣ ನಿಲ್ಲಿಸಿದರೆ ಅವನ ಪಾಲು ಏನಾಗುತ್ತದೆ ಎಂಬುದನ್ನೂ ಬರೆದಿರಬೇಕು. ನಾನು ನೋಡಿದ ಜಗಳಗಳೆಲ್ಲ ಈ ಎರಡರಿಂದಲೇ ಹುಟ್ಟಿದವು.

ಉತ್ತರ 2: ನಿವೃತ್ತ ಪಶುವೈದ್ಯ, ಶಿವಮೊಗ್ಗ

ಮೇಷ್ಟ್ರು ತಂದೆಯವರ ಹಲ್ಲಿನ ಲೆಕ್ಕ ಬರೆದದ್ದನ್ನು ಓದಿ ಸಂತೋಷವಾಯಿತು, ಏಕೆಂದರೆ ಕುದುರೆಗೂ ಅದೇ ಲೆಕ್ಕ ಬಹುಮಟ್ಟಿಗೆ ನಡೆಯುತ್ತದೆ. ಕುದುರೆಯ ಮುಂದಿನ ಎರಡು ಹಾಲುಹಲ್ಲು ಬಿದ್ದು ಶಾಶ್ವತ ಹಲ್ಲು ಬರುವುದು ಎರಡೂವರೆ ವರ್ಷಕ್ಕೆ, ಅದರ ಪಕ್ಕದವು ಮೂರೂವರೆಗೆ, ಮೂಲೆಯವು ನಾಲ್ಕೂವರೆಗೆ. ಉತ್ತರ ಭಾರತದ ಮಾರ್ವಾಡಿ ಕುದುರೆಗಳ ಪ್ರದರ್ಶನಗಳಲ್ಲಿ ಇಂದಿಗೂ ಮರಿಗಳನ್ನು ‘ಅದಂತ್’, ‘ದೋ ದಾಂತ್’ ಎಂದು, ಅಂದರೆ ಹಲ್ಲು ಹಾಕದವು ಮತ್ತು ಎರಡು ಹಲ್ಲಿನವು ಎಂದು ವಿಂಗಡಿಸುತ್ತಾರೆ. ಅಮೆರಿಕದವರು ಹಲ್ಲು ನೋಡುವುದಿಲ್ಲ, ಕ್ಯಾಲೆಂಡರ್ ನೋಡುತ್ತಾರೆ. ಯಾವ ತಿಂಗಳಲ್ಲಿ ಹುಟ್ಟಿದರೂ ಜನವರಿ 1ಕ್ಕೆ ಎಲ್ಲ ಕುದುರೆಗೂ ಒಂದು ವರ್ಷ ಕೂಡುತ್ತದೆ.

ನಿಮ್ಮ ಅಳಿಯನ ಮರಿಗೆ ಇದೇ ದೊಡ್ಡ ತೊಡಕು. ಜನವರಿಯಲ್ಲಿ ಹುಟ್ಟಿದ ಮರಿ ಮೂರು ವರ್ಷದವುಗಳ ಡಿಸೆಂಬರಿನ ಫ್ಯೂಚುರಿಟಿಗೆ ಇಳಿಯುವಾಗ ಅದಕ್ಕೆ ಮೂರು ವರ್ಷ ಹನ್ನೊಂದು ತಿಂಗಳು. ಮೇ ಕೊನೆಯಲ್ಲಿ ಹುಟ್ಟಿದ ಮರಿಗೆ ಮೂರು ವರ್ಷ ಆರು ತಿಂಗಳು. ಕಾಗದದಲ್ಲಿ ಇಬ್ಬರೂ ಮೂರು ವರ್ಷದವರೇ. ಈ ಕಾರಣಕ್ಕಾಗಿಯೇ ಅಲ್ಲಿನ ತಳಿಗಾರರು ಚಳಿಗಾಲದಲ್ಲಿ ಲಾಯದೊಳಗೆ ದೀಪ ಹಾಕಿ, ದಿನಕ್ಕೆ ಹದಿನಾರು ಗಂಟೆ ಬೆಳಕು ಕೊಟ್ಟು, ಹೆಣ್ಣು ಕುದುರೆಗಳು ಬೇಗ ಬೆದೆಗೆ ಬರುವಂತೆ ಮಾಡುತ್ತಾರೆ. ಹನ್ನೊಂದು ತಿಂಗಳು ಗರ್ಭ ಹೊರುವ ಪ್ರಾಣಿಯ ಹೆರಿಗೆಯನ್ನು ಹೊಸ ವರ್ಷದ ಹೊಸ್ತಿಲಿಗೆ ತಂದು ನಿಲ್ಲಿಸುವ ಪ್ರಯತ್ನ ಅದು.

ಈಗ ಮೂಳೆಯ ವಿಷಯ. ಉದ್ದದ ಮೂಳೆಗಳ ತುದಿಯಲ್ಲಿ ಮೃದ್ವಸ್ಥಿಯ ಪದರ ಇರುತ್ತದೆ, ಅದನ್ನು ಗ್ರೋತ್ ಪ್ಲೇಟ್ ಎನ್ನುತ್ತೇವೆ. ಮೂಳೆ ಬೆಳೆಯುವುದು ಅಲ್ಲಿಂದ. ಬೆಳವಣಿಗೆ ಮುಗಿದಾಗ ಅದು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಎಲ್ಲ ಕಡೆ ಒಂದೇ ಸಮಯಕ್ಕೆ ಮುಚ್ಚುವುದಿಲ್ಲ, ಕೆಳಗಿನಿಂದ ಮೇಲಕ್ಕೆ ಸಾಗುತ್ತದೆ. ಗೊರಸಿನ ಮೇಲಿನ ಭಾಗದಲ್ಲಿ ಮೊದಲ ವರ್ಷ ತುಂಬುವುದರೊಳಗೆ ಮುಗಿಯುತ್ತದೆ. ನಾವು ಮುಂಗಾಲಿನ ಮಂಡಿ ಎನ್ನುವುದು ನಿಜಕ್ಕೂ ನಮ್ಮ ಮಣಿಕಟ್ಟಿಗೆ ಸಮ. ಅದರ ಮೇಲಿನ ಪದರ ಎರಡರಿಂದ ಎರಡೂವರೆ ವರ್ಷಕ್ಕೆ ಮುಚ್ಚುತ್ತದೆ. ಹಿಂಗಾಲಿನಲ್ಲಿ ಮೊನಚಾಗಿ ಹಿಂದಕ್ಕೆ ಚಾಚಿದ ಕೀಲು ನಮ್ಮ ಹಿಮ್ಮಡಿಗೆ ಸಮ. ಅದೂ, ಅದರ ಮೇಲಿನ ನಿಜವಾದ ಮೊಣಕಾಲೂ ಗಟ್ಟಿಯಾಗುವುದು ಸುಮಾರು ಮೂರು ವರ್ಷಕ್ಕೆ. ಬೆನ್ನೆಲುಬು ಐದು ವರ್ಷವಾದರೂ ಪೂರ್ತಿ ಮುಗಿದಿರುವುದಿಲ್ಲ. ವರ್ಷ ತುಂಬುವ ಹೊತ್ತಿಗೆ ಮರಿ ತನ್ನ ಎತ್ತರದ ಹತ್ತರಲ್ಲಿ ಒಂಬತ್ತು ಪಾಲು ಬೆಳೆದುಬಿಟ್ಟಿರುವುದರಿಂದ ನೋಡುವವರ ಕಣ್ಣಿಗೆ ದೊಡ್ಡ ಕುದುರೆಯಾಗಿಯೇ ಕಾಣುತ್ತದೆ. ತಪ್ಪಾಗುವುದು ಅಲ್ಲೇ.

ಕಟಿಂಗ್ ಸ್ಪರ್ಧೆಯನ್ನು ವರದಾಮೂಲದವರು ಚೆನ್ನಾಗಿ ಚಿತ್ರಿಸಿದ್ದಾರೆ. ಅವರು ಕಿವಿಯನ್ನೂ ಎದೆಯನ್ನೂ ನೋಡಿದ್ದಾರೆ. ನಾನು ನೋಡುವುದು ಹಿಂಗಾಲನ್ನು. ಎದೆ ತಗ್ಗಿಸಿ ತಿರುಗುವಾಗ ಮೈಭಾರವೂ ಸವಾರನ ಭಾರವೂ ಹಿಂದಕ್ಕೆ ಸರಿದು, ಹಿಮ್ಮಡಿಯ ಕೀಲಿನಲ್ಲೂ ಮೊಣಕಾಲಿನಲ್ಲೂ ತಿರುಚುವ ಒತ್ತಡವಾಗುತ್ತದೆ. ಎರಡು ವರ್ಷದ ಮರಿಯಿಂದ ವಾರಕ್ಕೆ ಐದಾರು ದಿನ ಅದನ್ನು ಮಾಡಿಸಿದರೆ ಆ ಕೀಲುಗಳು ಬೇಗ ಸವೆಯುತ್ತವೆ. ಊತ ಇಳಿಸಲು ಕೀಲಿನೊಳಗೆ ಸ್ಟೀರಾಯ್ಡ್ ಚುಚ್ಚುವುದು ಅಲ್ಲಿ ಅಪರೂಪವೇನಲ್ಲ. ಒಮ್ಮೆ ಬೇಕಾದರೆ ಚಿಕಿತ್ಸೆ ಎನ್ನೋಣ. ಪಂದ್ಯದ ದಿನಾಂಕ ಹತ್ತಿರ ಬಂತೆಂದು ಮತ್ತೆ ಮತ್ತೆ ಚುಚ್ಚುವುದನ್ನು ನಾನು ಚಿಕಿತ್ಸೆ ಎನ್ನುವುದಿಲ್ಲ.

ನಾನು ಇಲ್ಲಿ ಕಂಡ ಕುದುರೆಗಳು ಜಟಕಾದವು, ಕುರಿಗಾರರ ತಟ್ಟುಗಳು ಮತ್ತು ಸವಾರಿ ಕಲಿಸುವವರ ಕೆಲವು. ಒಮ್ಮೆ ಒಬ್ಬ ಕುರಿಗಾರ ಹೆಣ್ಣು ತಟ್ಟೊಂದನ್ನು ತೋರಿಸಿದ. ಕಂಬಳಿ, ಪಾತ್ರೆ, ಈಗಷ್ಟೇ ಹುಟ್ಟಿದ ಎರಡು ಕುರಿಮರಿ ಹೊತ್ತು ಚಿತ್ರದುರ್ಗದ ಕಡೆಯಿಂದ ನಡೆದು ಬಂದಿತ್ತು. ಬಾಯಿ ಬಿಡಿಸಿದರೆ ಹಾಲುಹಲ್ಲು ಹಾಗೆಯೇ ಇದ್ದವು. ಮಂಡಿಯ ಮೇಲ್ಭಾಗ ಉಬ್ಬಿ, ಮುಟ್ಟಿದರೆ ಬಿಸಿಯಾಗಿತ್ತು. ಹೊರೆ ಇಳಿಸಿ ನಾಲ್ಕು ತಿಂಗಳು ಬರಿಗಾಲಿನಲ್ಲಿ ಮೇಯಲು ಬಿಡು ಎಂದೆ. ಅವನು ನಂಬಿದ, ಮುಂದಿನ ವರ್ಷ ಅದೇ ತಟ್ಟು ನೆಟ್ಟಗೆ ನಡೆದು ಬಂತು. ಎಳೆಯ ಮೂಳೆಗೆ ಕೆಡುವ ಗುಣದಂತೆ ಸರಿಹೋಗುವ ಗುಣವೂ ಇದೆ, ಸಮಯ ಕೊಟ್ಟರೆ. ಫ್ಯೂಚುರಿಟಿಯಲ್ಲಿ ಕೊಡಲಾಗದ್ದು ಆ ನಾಲ್ಕು ತಿಂಗಳನ್ನೇ, ಏಕೆಂದರೆ ಕಂತಿನ ದಿನಾಂಕ ಕಾಯುವುದಿಲ್ಲ.

ಮೇವಿನ ಬಗ್ಗೆಯೂ ಒಂದು ಮಾತು. ಮಾರಾಟಕ್ಕೂ ಸ್ಪರ್ಧೆಗೂ ಮರಿ ದುಂಡಗೆ ಕಾಣಲೆಂದು ಕಾಳು ಹೆಚ್ಚು ತಿನ್ನಿಸಿ ಬೇಗ ಬೆಳೆಸಿದರೆ ಕೀಲಿನ ಮೃದ್ವಸ್ಥಿ ಸರಿಯಾಗಿ ಗಟ್ಟಿಯಾಗದೆ ಚೂರು ಬಿಡುವ ರೋಗ ಬರಬಹುದು. ನಮ್ಮ ಕಡೆ ತೊಂದರೆ ಬೇರೆ ದಾರಿಯಲ್ಲಿ ಬರುತ್ತದೆ: ತೌಡು ಮತ್ತು ಬೂಸಾದಲ್ಲಿ ರಂಜಕ (ಫಾಸ್ಫರಸ್) ಸುಣ್ಣಕ್ಕಿಂತ (ಕ್ಯಾಲ್ಸಿಯಂ) ಸುಮಾರು ಹತ್ತು ಪಟ್ಟು ಹೆಚ್ಚು, ಭತ್ತದ ಹುಲ್ಲು ಮತ್ತು ನೇಪಿಯರ್ ಹುಲ್ಲಿನಲ್ಲಿರುವ ಆಕ್ಸಲೇಟ್ ಇದ್ದ ಸುಣ್ಣವನ್ನೂ ದಕ್ಕಗೊಡುವುದಿಲ್ಲ. ದನದ ಹೊಟ್ಟೆ ಇದನ್ನು ಸಂಭಾಳಿಸುತ್ತದೆ, ಕುದುರೆಯ ಹೊಟ್ಟೆ ಸಂಭಾಳಿಸದು. ಹೀಗೆ ಸಾಕಿದ ಜಟಕಾ ಕುದುರೆಯೊಂದರ ಮುಖದ ಮೂಳೆ ಎರಡೂ ಕಡೆ ಊದಿಕೊಂಡದ್ದನ್ನು ಭದ್ರಾವತಿಯಲ್ಲಿ ನೋಡಿದ್ದೇನೆ. ಟೆಕ್ಸಾಸಿನ ಲಾಯದವರು ಸುಣ್ಣ ಮತ್ತು ರಂಜಕವನ್ನು ಯಾವ ಪ್ರಮಾಣದಲ್ಲಿ ಕೊಡುತ್ತಾರೆಂದು ಅಳಿಯ ಕೇಳಲಿ. ರಂಜಕ ಒಂದು ಪಾಲಿದ್ದರೆ ಸುಣ್ಣ ಒಂದೂವರೆಯಿಂದ ಎರಡು ಪಾಲು ಇರಬೇಕು.

ಮರೆಯುವ ಮುನ್ನ: ಮರಿಗೆ ವಂಶವಾಹಿ ಪರೀಕ್ಷೆ ಆಗಿದೆಯೇ? ಕಟಿಂಗ್ ಕುದುರೆಗಳಲ್ಲಿ ಪೊಕೊ ಬ್ವೆನೊ ಎಂಬ ಹಳೆಯ ಗಂಡು ಕುದುರೆಯ ವಂಶದವು ಬಹಳ. ಆ ವಂಶದಲ್ಲಿ ಹರ್ಡಾ ಎಂಬ ಚರ್ಮರೋಗ ಸಾಗಿ ಬಂದಿದೆ. ತಂದೆತಾಯಿ ಇಬ್ಬರಿಂದಲೂ ದೋಷ ಬಂದ ಮರಿ ಆರೋಗ್ಯವಾಗಿಯೇ ಕಾಣುತ್ತದೆ. ಜೀನು ಹಾಕಲು ಶುರು ಮಾಡಿದ ಮೇಲೆ ಬೆನ್ನಿನ ಚರ್ಮ ಸಡಿಲವಾಗಿ ಹರಿಯುತ್ತದೆ, ಗಾಯ ಮಾಯುವುದಿಲ್ಲ. ಬುಡಸಹಿತ ಕಿತ್ತ ಒಂದಿಷ್ಟು ಕೂದಲು ಸಾಕು ಪರೀಕ್ಷೆಗೆ. ಪಾಲು ಕೊಳ್ಳುವ ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ ಇದು.

ಉತ್ತರ 3: ರೇಸ್‌ಕೋರ್ಸ್ ರಸ್ತೆ, ಬೆಂಗಳೂರು (ಮೂಲ ಕೊಪ್ಪ)

ಡಾಕ್ಟರ ಮಾತಿಗೆ ಗೌರವವಿಟ್ಟೇ ಒಂದು ಭಿನ್ನಾಭಿಪ್ರಾಯ. ಎಳೆಯ ಕುದುರೆಗೆ ಕೆಲಸವೇ ಕೂಡದು ಎಂಬ ಭಾವನೆ ಓದುವವರಿಗೆ ಬರಬಾರದು. ಮೂಳೆ ತನ್ನ ಮೇಲೆ ಬಿದ್ದ ಭಾರಕ್ಕೆ ತಕ್ಕಂತೆ ಕಟ್ಟಿಕೊಳ್ಳುವ ವಸ್ತು. ನಾಲ್ಕು ವರ್ಷ ಲಾಯದಲ್ಲಿ ಕಟ್ಟಿಹಾಕಿ ನಂತರ ಓಡಿಸಿದರೆ ಅದೂ ಮುರಿಯುತ್ತದೆ. ಎರಡು ವರ್ಷಕ್ಕೆ ಓಟ ಶುರು ಮಾಡಿದ ಥರೋಬ್ರೆಡ್ ಎಂಬ ಓಟದ ತಳಿಯ ಕುದುರೆಗಳು ತಡವಾಗಿ ಶುರು ಮಾಡಿದವುಗಳಿಗಿಂತ ಹೆಚ್ಚು ವರ್ಷ ಓಡಿದ್ದನ್ನು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಎಳೆಯ ಕುದುರೆಗಳಿಗೆ ಬರುವ ಮುಂಗಾಲಿನ ನಳಿಗೆ ನೋವನ್ನು ಪೆನ್ಸಿಲ್ವೇನಿಯಾದಲ್ಲಿ ಅಧ್ಯಯನ ಮಾಡಿದವರು, ಉದ್ದದ ನಿಧಾನ ಓಟಕ್ಕಿಂತ ಸ್ವಲ್ಪವೇ ದೂರದ ವೇಗದ ಓಟವನ್ನು ನಿಯಮಿತವಾಗಿ ಮಾಡಿಸಿದರೆ ನೋವು ಕಡಿಮೆಯಾಗುತ್ತದೆಂದು ಕಂಡುಕೊಂಡರು. ನಮ್ಮಲ್ಲಿಯೂ ಎರಡು ವರ್ಷದವು ಓಡುತ್ತವೆ, ಆದರೆ ಮುಂಬೈಯ ಮಹಾಲಕ್ಷ್ಮಿಯಲ್ಲಿ ಫೆಬ್ರವರಿಯಲ್ಲಿ ನಡೆಯುವ 2400 ಮೀಟರಿನ ಇಂಡಿಯನ್ ಡರ್ಬಿ ಇರುವುದು ನಾಲ್ಕು ವರ್ಷದವಕ್ಕೆ.

ಫ್ಯೂಚುರಿಟಿ ಎಂಬ ಹೆಸರು ಕೂಡ ಓಟದ ಕಡೆಯಿಂದಲೇ ಹೋದದ್ದು. 1888ರಲ್ಲಿ ನ್ಯೂಯಾರ್ಕಿನ ಶೀಪ್ಸ್‌ಹೆಡ್ ಬೇ ಮೈದಾನದಲ್ಲಿ ನಡೆದ ಫ್ಯೂಚುರಿಟಿಗೆ ಮರಿಗಳು ಹುಟ್ಟುವ ಮೊದಲೇ ಹೆಸರು ಬರೆಸಲಾಗಿತ್ತು. ಪ್ರಾಕ್ಟರ್ ನಾಟ್ ಎಂಬ ಕುದುರೆ ಗೆದ್ದಿತು. ಎರಡನೆಯದಾಗಿ ಬಂದ ಸಾಲ್ವೇಟರ್ ಮುಂದೆ ಅದಕ್ಕಿಂತ ದೊಡ್ಡ ಹೆಸರು ಮಾಡಿತು. ನ್ಯೂ ಮೆಕ್ಸಿಕೋದ ರುಯಿಡೋಸೊ ಡೌನ್ಸ್‌ನಲ್ಲಿ 1959ರಲ್ಲಿ ಶುರುವಾದ ಆಲ್ ಅಮೆರಿಕನ್ ಫ್ಯೂಚುರಿಟಿಯಂತೂ ಎರಡು ವರ್ಷದ ಕ್ವಾರ್ಟರ್ ಹಾರ್ಸ್‌ಗಳದ್ದು. ದೂರ 440 ಗಜ, ಮುಗಿಯುವುದು ಇಪ್ಪತ್ತೊಂದು ಸೆಕೆಂಡಿನ ಆಸುಪಾಸು. 1978ರಲ್ಲೇ ಅದರ ಬಹುಮಾನ ಹತ್ತು ಲಕ್ಷ ಡಾಲರ್ ಮುಟ್ಟಿತ್ತು. ನೂರಾರು ಕುದುರೆಗಳು ಆಯ್ಕೆ ಓಟ ಓಡುತ್ತವೆ, ಅಂತಿಮ ಓಟದ ಗೇಟಿನಲ್ಲಿ ನಿಲ್ಲುವುದು ಹತ್ತು. ಭಾವನವರಿಗೆ ಆ ಹತ್ತರ ಲೆಕ್ಕ ಮೊದಲು ಹೇಳಿ.

ಉತ್ತರ 2ರವರಿಂದ ಮರು ಉತ್ತರ

ಕೊಪ್ಪದವರು ಹೇಳಿದ್ದನ್ನು ಒಪ್ಪುತ್ತೇನೆ, ಎರಡು ತಿದ್ದುಪಡಿಯೊಂದಿಗೆ. ಎರಡು ವರ್ಷಕ್ಕೆ ಓಡಿದವು ಹೆಚ್ಚು ಕಾಲ ಓಡಿದವು ಎನ್ನುವಾಗ, ಎರಡು ವರ್ಷಕ್ಕೆ ಓಡುವಷ್ಟು ಗಟ್ಟಿಯಾಗಿದ್ದವೇ ಓಡಿದವು ಎಂಬುದನ್ನೂ ಸೇರಿಸಿಕೊಳ್ಳಬೇಕು. ಕಾಲು ನೋವಿದ್ದವು ಆ ಪಟ್ಟಿಗೆ ಬಂದಿರುವುದೇ ಇಲ್ಲ. ಇನ್ನೊಂದು, ಸ್ವಲ್ಪ ದೂರ ನೇರವಾಗಿ ಓಡುವುದಕ್ಕೂ ನಿಂತಲ್ಲಿಯೇ ತಿರುಚಿಕೊಂಡು ತಿರುಗುವುದಕ್ಕೂ ಕೀಲಿನ ಮಟ್ಟಿಗೆ ಬಹಳ ವ್ಯತ್ಯಾಸವಿದೆ. ಮರಿ ಬಯಲಿನಲ್ಲಿ ತಾನಾಗಿ ಓಡಾಡಿ ಬೆಳೆಯಲಿ, ಎರಡನೆಯ ವರ್ಷದಲ್ಲಿ ಹಗುರ ಸವಾರನೊಂದಿಗೆ ದಿನಕ್ಕೆ ಇಪ್ಪತ್ತು ನಿಮಿಷ ನೇರ ನಡಿಗೆ ಕಲಿಯಲಿ. ಅದಕ್ಕೆ ನನ್ನ ಆಕ್ಷೇಪವಿಲ್ಲ. ದನದ ಮುಂದೆ ನಿಲ್ಲಿಸುವ ಮೊದಲು ಮುಂಗಾಲಿನ ಮಂಡಿಯ ಎಕ್ಸ್-ರೇ ತೆಗೆಸಿ ಆ ಪದರ ಮುಚ್ಚಿದೆಯೇ ನೋಡಲಿ, ಹಿಂಗಾಲಿನ ಎರಡೂ ಕೀಲುಗಳದ್ದನ್ನೂ ತೆಗೆಸಲಿ.

ಮೇಷ್ಟ್ರಿಂದ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಮಳೆಯ ನಡುವೆ ಕರೆಂಟು ಹೋಗಿ ಬರುತ್ತಿದ್ದಂತೆಯೇ ಅಳಿಯನೊಡನೆ ಒಂದು ಗಂಟೆ ಮಾತನಾಡಿದೆ. ಪಾಲುಪತ್ರದಲ್ಲಿ ಹಣ ನಿಲ್ಲಿಸಿದವನ ಪಾಲು ಉಳಿದ ಮೂವರಿಗೆ ಹಂಚಿಹೋಗುತ್ತದೆ ಎಂದಷ್ಟೇ ಇದೆ. ಬೀಜ ಒಡೆಸುವ ಮಾತು ಎಲ್ಲಿಯೂ ಇಲ್ಲ. ಎಕ್ಸ್-ರೇ ವಿಷಯವನ್ನು ತರಬೇತುದಾರನೇ ಮೊದಲು ಎತ್ತಿದ್ದನಂತೆ, ಇವರೇ ಖರ್ಚೆಂದು ಮುಂದೂಡಿದ್ದರಂತೆ. ಕೂದಲಿನ ಪರೀಕ್ಷೆಯ ಹೆಸರನ್ನು ಅವನು ಕೇಳಿಯೇ ಇರಲಿಲ್ಲ, ಈ ವಾರ ಮಾಡಿಸುತ್ತಾನೆ.

ಕ್ಯಾಲೆಂಡರಿನ ಐದು ತಿಂಗಳ ವ್ಯತ್ಯಾಸವನ್ನು ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಾದ. ನಂತರ, ‘ಹಾಗಾದರೆ ಫ್ಯೂಚುರಿಟಿ ಬಿಟ್ಟರೆ ಮುಂದೆ ಏನೂ ಇಲ್ಲವೇ ಮಾವ’ ಎಂದು ಕೇಳಿದ. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ವರದಾಮೂಲದವರು ಹೇಳಬಹುದೇ?

ಉತ್ತರ 1ರವರಿಂದ

ಇದೆ ಮೇಷ್ಟ್ರೇ. ನಾಲ್ಕು ವರ್ಷದವಕ್ಕೆ ಸೂಪರ್ ಸ್ಟೇಕ್ಸ್ ಮತ್ತು ಡರ್ಬಿ, ಐದು ಆರು ವರ್ಷದವಕ್ಕೆ ಬೇರೆ ಸ್ಪರ್ಧೆಗಳು, ಅದಾದ ಮೇಲೆ ವಯಸ್ಸಿನ ಮಿತಿಯೇ ಇಲ್ಲದ ವಾರಾಂತ್ಯದ ಸ್ಪರ್ಧೆಗಳೂ ಇವೆ. ಬಹುಮಾನ ಫ್ಯೂಚುರಿಟಿಯಷ್ಟು ದೊಡ್ಡದಲ್ಲ, ಆದರೆ ಮೇ ತಿಂಗಳ ಮರಿಗೆ ನಾಲ್ಕರ ವಯಸ್ಸಿನಲ್ಲಿ ಜನವರಿಯ ಮರಿಯೊಂದಿಗೆ ಹೆಗಲೆಣೆಯಾಗಿ ನಿಲ್ಲುವ ಅವಕಾಶ ಹೆಚ್ಚು. ನಾನಿದ್ದ ಲಾಯದ ಯಜಮಾನ ಜೂನ್‌ನಲ್ಲಿ ಹುಟ್ಟಿದ ಒಂದು ಹೆಣ್ಣು ಮರಿಯನ್ನು ಫ್ಯೂಚುರಿಟಿಯಿಂದ ಹಿಂದಕ್ಕೆ ತೆಗೆದು ಹೀಗೆಯೇ ಮಾಡಿದ್ದ, ಕಟ್ಟಿದ್ದ ಕಂತನ್ನು ಹೊಟ್ಟೆಗೆ ಹಾಕಿಕೊಂಡು. ನಾನು ಊರಿಗೆ ಹೊರಡುವಾಗ ಅದಕ್ಕೆ ಒಂಬತ್ತು ವರ್ಷ, ಇನ್ನೂ ದನದ ಮುಂದೆ ತಗ್ಗಿ ನಿಲ್ಲುತ್ತಿತ್ತು. ಸೆಪ್ಟೆಂಬರ್ ಕಂತಿನ ಮೊತ್ತ ಎಷ್ಟೆಂದು ಅಳಿಯನಿಂದ ಕೇಳಿ ಇಲ್ಲಿ ಬರೆಯಿರಿ. ಕಟ್ಟಿ ಉಳಿಸಿಕೊಳ್ಳುವುದೋ ಬಿಡುವುದೋ, ಎಕ್ಸ್-ರೇ ಬಂದ ಮೇಲೆ ಕುಳಿತು ಲೆಕ್ಕ ಹಾಕೋಣ.